ಬರ್ನಾರ್ಡ್ ಶ್ರೀವರ್

ಬರ್ನಾರ್ಡ್ ಅಡಾಲ್ಫ್ ಶ್ರೀವರ್ (14 ಸೆಪ್ಟೆಂಬರ್ 1910 – 20 ಜೂನ್ 2005) ಅಮೆರಿಕ ಸಂಯುಕ್ತ ಸಂಸ್ಥಾನದ ವಾಯುಪಡೆಯ ಜನರಲ್. ಶೀತಲ ಸಮರದ ಕಾಲದಲ್ಲಿ ಅಟ್ಲಾಸ್, ಥಾರ್, ಟೈಟನ್ ಮತ್ತು ಮಿನಿಟ್‌ಮನ್ ಕ್ಷಿಪಣಿಗಳ ಅಭಿವೃದ್ಧಿಯನ್ನು ಮುನ್ನಡೆಸಿದವರು. ಅಮೆರಿಕದ ಮೊದಲ ಸೇನಾ ಉಪಗ್ರಹಗಳು ಮತ್ತು ಅವುಗಳನ್ನು ನೆಲದಿಂದ ನಿಯಂತ್ರಿಸುವ ಘಟಕಗಳು ಇವರ ಅಧೀನದಲ್ಲಿದ್ದ ಸಂಸ್ಥೆಯಲ್ಲೇ ರೂಪುಗೊಂಡವು. ಜಿಪಿಎಸ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿರುವ ಕೊಲರಾಡೊ ರಾಜ್ಯದ ಸೇನಾನೆಲೆಗೆ ಇವರ ಹೆಸರನ್ನು ಇಡಲಾಗಿದೆ.

ಶ್ರೀವರ್ ಅವರು ವಿಜ್ಞಾನಿಯಾಗಲಿ ಸಂಶೋಧಕರಾಗಲಿ ಆಗಿರಲಿಲ್ಲ. ವಿಜ್ಞಾನಿಗಳು, ಕೈಗಾರಿಕೆ ಮತ್ತು ಸೇನೆ ಒಂದೇ ಕೆಲಸಕ್ಕಾಗಿ ಒಟ್ಟಾಗಿ ದುಡಿಯುವ ವ್ಯವಸ್ಥೆಯನ್ನು ಕಟ್ಟಿದ್ದು ಇವರ ಮುಖ್ಯ ಕೊಡುಗೆ. ಸೋವಿಯತ್ ಒಕ್ಕೂಟ ಕ್ಷಿಪಣಿಗಳಲ್ಲಿ ಮುಂದಿದೆ ಎಂಬ ಭಯದಿಂದ ಇವರ ಕ್ಷಿಪಣಿ ಯೋಜನೆಗಳಿಗೆ ಹಣ ಮತ್ತು ಆದ್ಯತೆ ದೊರೆತವು. ಆ ಭಯ ಉತ್ಪ್ರೇಕ್ಷಿತವಾದದ್ದೆಂದು ತೋರಿಸಿಕೊಟ್ಟ ಛಾಯಾಚಿತ್ರಗಳು ಇವರದೇ ಸಂಸ್ಥೆ ನೆರವಾಗಿ ಹಾರಿಸಿದ ಉಪಗ್ರಹಗಳಿಂದ ಬಂದವು.

ಜನನ ಮತ್ತು ಬಾಲ್ಯ

ಶ್ರೀವರ್ ಅವರು ಜರ್ಮನಿಯ ಬ್ರೆಮೆನ್ ನಗರದಲ್ಲಿ ಜನಿಸಿದರು. ತಂದೆ ಅಡಾಲ್ಫ್ ಅವರು ಜರ್ಮನ್ ಪ್ರಯಾಣಿಕ ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅವರ ಹಡಗು ನ್ಯೂಯಾರ್ಕ್ ಬಂದರಿನಲ್ಲಿ ಉಳಿದುಕೊಳ್ಳಬೇಕಾಯಿತು. ತಾಯಿ ಎಲಿಜಬೆತ್ ಅವರು ಬರ್ನಾರ್ಡ್ ಮತ್ತು ಅವರ ತಮ್ಮನನ್ನು ಕರೆದುಕೊಂಡು 1917ರ ಆರಂಭದಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯುವುದಕ್ಕೆ ಕೆಲವೇ ತಿಂಗಳ ಮೊದಲು, ಡಚ್ ಹಡಗೊಂದರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಕುಟುಂಬವು ಜರ್ಮನ್ ಮೂಲದವರು ಹೆಚ್ಚಾಗಿ ವಾಸಿಸುತ್ತಿದ್ದ ಟೆಕ್ಸಾಸ್ ರಾಜ್ಯದ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನಲ್ಲಿ ನೆಲೆಸಿ, ಬಳಿಕ ಸ್ಯಾನ್ ಆಂಟೋನಿಯೊ ನಗರಕ್ಕೆ ಸ್ಥಳಾಂತರಗೊಂಡಿತು.

1918ರಲ್ಲಿ ತಂದೆ ಕೆಲಸದ ಸ್ಥಳದಲ್ಲಿ ನಡೆದ ಅಪಘಾತದಲ್ಲಿ ಮೃತಪಟ್ಟರು. ಭಾಷೆಯೂ ಸರಿಯಾಗಿ ಬಾರದ ನಾಡಿನಲ್ಲಿ ತಾಯಿ ಒಬ್ಬರೇ ಮಕ್ಕಳನ್ನು ಸಾಕಬೇಕಾಯಿತು. ಗಾಲ್ಫ್ ಮೈದಾನದ ಪಕ್ಕದಲ್ಲಿ ಸ್ಯಾಂಡ್‌ವಿಚ್ ಮತ್ತು ತಂಪು ಪಾನೀಯ ಮಾರುವ ಸಣ್ಣ ಅಂಗಡಿಯ ಆದಾಯದಿಂದ ಅವರು ಇಬ್ಬರು ಮಕ್ಕಳಿಗೂ ಕಾಲೇಜು ಶಿಕ್ಷಣ ಕೊಡಿಸಿದರು. ಅದೇ ಮೈದಾನದಲ್ಲಿ ಆಡಿ ಬೆಳೆದ ಬರ್ನಾರ್ಡ್ ಉತ್ತಮ ಗಾಲ್ಫ್ ಆಟಗಾರರೆಂದು ಹೆಸರು ಪಡೆದರು. 1923ರಲ್ಲಿ ಅವರಿಗೆ ಅಮೆರಿಕದ ಪೌರತ್ವ ದೊರೆಯಿತು.

ಶಿಕ್ಷಣ ಮತ್ತು ಆರಂಭಿಕ ಸೇವೆ

1931ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ಕಾಲೇಜಿನಿಂದ ಎಂಜಿನಿಯರಿಂಗ್ ಪದವಿ ಪಡೆದ ಶ್ರೀವರ್, ಸೇನೆಯ ಫಿರಂಗಿ ದಳದ ಮೀಸಲು ಅಧಿಕಾರಿಯಾದರು. ಮರುವರ್ಷ ವಿಮಾನ ಚಾಲನೆಯ ತರಬೇತಿಗೆ ಸೇರಿ 1933ರಲ್ಲಿ ಪೈಲಟ್ ಆದರು. ಕ್ಯಾಲಿಫೋರ್ನಿಯಾದ ಮಾರ್ಚ್ ಫೀಲ್ಡ್ ನೆಲೆಯಲ್ಲಿ ಅವರ ಮೇಲಧಿಕಾರಿಯಾಗಿದ್ದವರು ಹೆನ್ರಿ ಆರ್ನಾಲ್ಡ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾ ವಾಯುಬಲದ ಮುಖ್ಯಸ್ಥರಾದ ಆರ್ನಾಲ್ಡ್ ಅವರ ಪ್ರಭಾವ ಶ್ರೀವರ್ ಅವರ ಬದುಕಿನುದ್ದಕ್ಕೂ ಉಳಿಯಿತು.

1934ರಲ್ಲಿ ಸರ್ಕಾರವು ವಿಮಾನ ಅಂಚೆಯ ಹೊಣೆಯನ್ನು ಖಾಸಗಿ ಕಂಪನಿಗಳಿಂದ ಹಿಂಪಡೆದು ಸೇನೆಗೆ ವಹಿಸಿತು. ರಾತ್ರಿಯಲ್ಲಿ ಮತ್ತು ಕೆಟ್ಟ ಹವೆಯಲ್ಲಿ ಹಾರಲು ಬೇಕಾದ ಉಪಕರಣಗಳು ಸೇನಾ ವಿಮಾನಗಳಲ್ಲಿ ಇರಲಿಲ್ಲ. ಅಂಚೆ ಹೊತ್ತು ಹಾರಿದ ಹಲವು ಯುವ ಪೈಲಟ್‌ಗಳು ಅಪಘಾತಗಳಲ್ಲಿ ಸತ್ತರು. ಈ ಸೇವೆಯಲ್ಲಿದ್ದ ಶ್ರೀವರ್, ಹಿಂದುಳಿದ ತಂತ್ರಜ್ಞಾನಕ್ಕೆ ಸೇನೆ ತೆರುವ ಬೆಲೆಯನ್ನು ಹತ್ತಿರದಿಂದ ಕಂಡರು.

ಸೇನೆಯಲ್ಲಿ ಕಾಯಂ ಹುದ್ದೆ ದೊರೆಯದ ಕಾರಣ ಕೆಲಕಾಲ ನಾರ್ತ್‌ವೆಸ್ಟ್ ಏರ್‌ಲೈನ್ಸ್ ಕಂಪನಿಯಲ್ಲಿ ಪೈಲಟ್ ಆಗಿದ್ದ ಅವರು 1938ರಲ್ಲಿ ಸೇನೆಗೆ ಮರಳಿದರು. ಅದೇ ವರ್ಷ ಸೇನಾಧಿಕಾರಿ ಜಾರ್ಜ್ ಬ್ರೆಟ್ ಅವರ ಮಗಳು ಡೋರಾ ಅವರನ್ನು ವಿವಾಹವಾದರು. ಅನಂತರ ರೈಟ್ ಫೀಲ್ಡ್‌ನಲ್ಲಿ ಪರೀಕ್ಷಾರ್ಥ ಹಾರಾಟದ ಪೈಲಟ್ ಆಗಿ ದುಡಿದು, 1942ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ವಾಯುಯಾನ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪದವಿಯ ಬೆನ್ನಲ್ಲೇ ಪೆಸಿಫಿಕ್ ಯುದ್ಧರಂಗಕ್ಕೆ ತೆರಳಿ 63 ಯುದ್ಧ ಹಾರಾಟಗಳಲ್ಲಿ ಭಾಗವಹಿಸಿದರು. ವಿಮಾನಗಳ ದುರಸ್ತಿ ಮತ್ತು ಪೂರೈಕೆಯ ಹೊಣೆಯನ್ನೂ ನಿರ್ವಹಿಸಿ, ಯುದ್ಧ ಮುಗಿಯುವ ಹೊತ್ತಿಗೆ ಕರ್ನಲ್ ಹುದ್ದೆಗೆ ಏರಿದ್ದರು.

ವಿಜ್ಞಾನಿಗಳ ಜೊತೆಗಿನ ಒಡನಾಟ

ಯುದ್ಧಾನಂತರ ಆರ್ನಾಲ್ಡ್ ಅವರು ವಾಯುಪಡೆ ಮತ್ತು ವಿಜ್ಞಾನಿಗಳ ನಡುವಿನ ಸಂಪರ್ಕದ ಕೆಲಸವನ್ನು ಶ್ರೀವರ್ ಅವರಿಗೆ ವಹಿಸಿದರು. ಥಿಯೊಡರ್ ಫಾನ್ ಕಾರ್ಮಾನ್ ಮೊದಲಾದವರ ಪರಿಚಯ ಆಗಿದ್ದು ಈ ಅವಧಿಯಲ್ಲಿ. ವಾಯುಪಡೆಯ ಹಿರಿಯ ಅಧಿಕಾರಿಗಳಲ್ಲಿ ಹೆಚ್ಚಿನವರು ಬಾಂಬರ್ ವಿಮಾನಗಳನ್ನೇ ನೆಚ್ಚಿದ್ದರು. ಅವರಲ್ಲಿ ಪ್ರಮುಖರಾದ ಕರ್ಟಿಸ್ ಲೆಮೇ ಅವರೊಂದಿಗೆ ಶ್ರೀವರ್ ಅವರಿಗೆ ಹಲವು ಬಾರಿ ಭಿನ್ನಾಭಿಪ್ರಾಯ ಉಂಟಾಯಿತು.

1953ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅವರಿಂದ ಕೇಳಿದ ವಿಷಯ ಶ್ರೀವರ್ ಅವರ ಮುಂದಿನ ಹಾದಿಯನ್ನು ನಿರ್ಧರಿಸಿತು. ಜಲಜನಕ ಬಾಂಬಿನ ತೂಕವನ್ನು ಕೆಲವೇ ವರ್ಷಗಳಲ್ಲಿ ಬಹಳಷ್ಟು ಇಳಿಸಬಹುದು ಎಂಬುದು ಆ ವಿಷಯ. ಸಿಡಿತಲೆ ಹಗುರವಾದರೆ ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಅದನ್ನು ಹೊತ್ತೊಯ್ಯುವ ರಾಕೆಟ್ ಸಾಧ್ಯವಾಗುತ್ತದೆ. ಸ್ಫೋಟದ ಬಲ ಹೆಚ್ಚಿರುವುದರಿಂದ ಗುರಿಯಲ್ಲಿ ತುಸು ವ್ಯತ್ಯಾಸವಾದರೂ ನಡೆಯುತ್ತದೆ. ವಾಯುಪಡೆಯ ಅಧಿಕಾರಿ ಟ್ರೆವರ್ ಗಾರ್ಡ್ನರ್ ನೇಮಿಸಿದ, ಫಾನ್ ನಾಯ್ಮನ್ ಅಧ್ಯಕ್ಷತೆಯ ಸಮಿತಿಯು 1954ರ ಫೆಬ್ರುವರಿಯಲ್ಲಿ ಇದೇ ಅಭಿಪ್ರಾಯವನ್ನು ವರದಿ ಮಾಡಿತು.

ಪಶ್ಚಿಮ ಅಭಿವೃದ್ಧಿ ವಿಭಾಗ

ಈ ವರದಿಯ ಫಲವಾಗಿ 1954ರ ಜುಲೈಯಲ್ಲಿ ವಾಯುಪಡೆಯ ಪಶ್ಚಿಮ ಅಭಿವೃದ್ಧಿ ವಿಭಾಗ ಸ್ಥಾಪನೆಯಾಯಿತು. ಆಗ ಬ್ರಿಗೇಡಿಯರ್ ಜನರಲ್ ಆಗಿದ್ದ ಶ್ರೀವರ್ ಆಗಸ್ಟ್‌ನಲ್ಲಿ ಅದರ ಮುಖ್ಯಸ್ಥರಾದರು. ಲಾಸ್ ಏಂಜಲೀಸ್ ಸಮೀಪದ ಇಂಗಲ್‌ವುಡ್‌ನ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಕೆಲಸ ಆರಂಭವಾಯಿತು. ಗೋಪ್ಯತೆಗಾಗಿ ಅಧಿಕಾರಿಗಳು ಸಮವಸ್ತ್ರದ ಬದಲು ಸಾಮಾನ್ಯ ಉಡುಪು ಧರಿಸಿ ಬರುತ್ತಿದ್ದರು.

ಕ್ಷಿಪಣಿಯ ಎಂಜಿನ್, ಮಾರ್ಗದರ್ಶಕ ಉಪಕರಣ, ಸಿಡಿತಲೆಯ ಕವಚ, ಉಡಾವಣಾ ನೆಲೆ, ಸಿಬ್ಬಂದಿಯ ತರಬೇತಿ ಇವೆಲ್ಲವನ್ನೂ ಒಂದಾದ ಮೇಲೆ ಒಂದರಂತೆ ಮಾಡದೆ ಏಕಕಾಲದಲ್ಲಿ ನಡೆಸುವುದು ಶ್ರೀವರ್ ಅನುಸರಿಸಿದ ವಿಧಾನ. ಒಂದು ಭಾಗ ವಿಫಲವಾದರೆ ಇಡೀ ಯೋಜನೆ ನಿಲ್ಲಬಾರದೆಂದು ಮುಖ್ಯ ಭಾಗಗಳಿಗೆ ಎರಡೆರಡು ಕಂಪನಿಗಳನ್ನು ನೇಮಿಸಲಾಯಿತು. ಎಲ್ಲ ಭಾಗಗಳ ತಾಂತ್ರಿಕ ಹೊಂದಾಣಿಕೆಯ ಹೊಣೆಯನ್ನು ರ್‍ಯಾಮೊ-ವುಲ್ಡ್ರಿಜ್ ಸಂಸ್ಥೆ ವಹಿಸಿಕೊಂಡಿತು. ತಿಂಗಳಿಗೊಮ್ಮೆ ನಡೆಯುತ್ತಿದ್ದ ಸಭೆಗೆ ಸಿಬ್ಬಂದಿ ಕರಾಳ ಶನಿವಾರ ಎಂದು ಹೆಸರಿಟ್ಟಿದ್ದರು. ಆ ಸಭೆಯ ಮುಖ್ಯ ವಿಷಯ ಸಾಧನೆಗಳಲ್ಲ, ತೊಡಕುಗಳು. ತೊಡಕನ್ನು ಮುಚ್ಚಿಡುವುದನ್ನು ಶ್ರೀವರ್ ಸಹಿಸುತ್ತಿರಲಿಲ್ಲ.

1955ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ಖಂಡಾಂತರ ಕ್ಷಿಪಣಿಗೆ ರಾಷ್ಟ್ರದ ಅತ್ಯುನ್ನತ ಆದ್ಯತೆ ನೀಡಿದರು. 1957ರ ಜನವರಿಯಲ್ಲಿ ನಡೆದ ಥಾರ್ ಕ್ಷಿಪಣಿಯ ಮೊದಲ ಪರೀಕ್ಷೆ ಉಡಾವಣಾ ಕಟ್ಟೆಯಲ್ಲೇ ವಿಫಲವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಟ್ಲಾಸ್ ಮೊದಲ ಬಾರಿಗೆ ಯಶಸ್ವಿಯಾಗಿ ಹಾರಿತು. 1958ರ ನವೆಂಬರ್‌ನಲ್ಲಿ ಅದು ತನ್ನ ಪೂರ್ಣ ದೂರವನ್ನು ಕ್ರಮಿಸಿತು. ಘನ ಇಂಧನದ ಮಿನಿಟ್‌ಮನ್ ಕ್ಷಿಪಣಿಗಳು 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾ ಬಿಕ್ಕಟ್ಟಿನ ದಿನಗಳಲ್ಲಿ, ಸನ್ನದ್ಧ ಸ್ಥಿತಿಗೆ ಬಂದವು.

ಉಪಗ್ರಹ ಯೋಜನೆ

ಭೂಮಿಯನ್ನು ಸುತ್ತುವ ಉಪಗ್ರಹದಿಂದ ಶತ್ರುದೇಶವನ್ನು ವೀಕ್ಷಿಸುವ ಸಾಧ್ಯತೆಯನ್ನು ರ್‍ಯಾಂಡ್ ಸಂಸ್ಥೆ 1940ರ ದಶಕದಿಂದಲೇ ಅಧ್ಯಯನ ಮಾಡುತ್ತಿತ್ತು. ಈ ಅಧ್ಯಯನಗಳಿಂದ ಬೆಳೆದ ಡಬ್ಲ್ಯುಎಸ್-117ಎಲ್ ಎಂಬ ಸೇನಾ ಉಪಗ್ರಹ ಯೋಜನೆಯನ್ನು 1956ರಲ್ಲಿ ಶ್ರೀವರ್ ಅವರ ವಿಭಾಗಕ್ಕೆ ವರ್ಗಾಯಿಸಲಾಯಿತು. ಉಪಗ್ರಹವನ್ನು ಕಕ್ಷೆಗೆ ಸೇರಿಸಲು ಬೇಕಾದ ರಾಕೆಟ್‌ಗಳು ಈ ವಿಭಾಗದಲ್ಲೇ ತಯಾರಾಗುತ್ತಿದ್ದವು. ಅದೇ ವರ್ಷ ಲಾಕ್‌ಹೀಡ್ ಕಂಪನಿಗೆ ಉಪಗ್ರಹದ ಗುತ್ತಿಗೆ ದೊರೆಯಿತು. ಆದರೆ ಮಂಜೂರಾದ ಹಣ ಅತ್ಯಲ್ಪವಾಗಿತ್ತು.

1957ರ ಫೆಬ್ರುವರಿಯಲ್ಲಿ ಸ್ಯಾನ್ ಡಿಯಾಗೊದ ಸಮ್ಮೇಳನವೊಂದರಲ್ಲಿ ಶ್ರೀವರ್ ಅವರು, ಮುಂದಿನ ದಿನಗಳಲ್ಲಿ ದೇಶದ ಸುರಕ್ಷತೆ ಬಾಹ್ಯಾಕಾಶದಲ್ಲಿನ ಮೇಲುಗೈಯನ್ನು ಅವಲಂಬಿಸಬಹುದು ಎಂಬ ವಿಚಾರವನ್ನು ಮಂಡಿಸಿದರು. ಭಾಷಣಗಳಲ್ಲಿ ಬಾಹ್ಯಾಕಾಶ ಎಂಬ ಪದವನ್ನು ಬಳಸಬಾರದೆಂದು ಮರುದಿನವೇ ರಕ್ಷಣಾ ಕಾರ್ಯದರ್ಶಿಯ ಕಚೇರಿಯಿಂದ ಅವರಿಗೆ ಸೂಚನೆ ಬಂದಿತು. ಎಂಟು ತಿಂಗಳಾಗುವುದರೊಳಗೆ, ಅಕ್ಟೋಬರ್ 4ರಂದು, ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಲ್ಲಿಯವರೆಗೆ ಹಣವಿಲ್ಲದೆ ಕುಂಟುತ್ತಿದ್ದ ಯೋಜನೆ ಇದಾದ ಮೇಲೆ ತುರ್ತಿನ ಕೆಲಸವಾಯಿತು.

ಕೊರೋನಾ ಮತ್ತು ಸತತ ವೈಫಲ್ಯಗಳು

1958ರ ಫೆಬ್ರುವರಿಯಲ್ಲಿ ಐಸೆನ್‌ಹೋವರ್ ಅವರು ಕೊರೋನಾ ಎಂಬ ಗುಪ್ತ ಯೋಜನೆಗೆ ಒಪ್ಪಿಗೆ ನೀಡಿದರು. ಇದನ್ನು ಗುಪ್ತಚರ ಸಂಸ್ಥೆ ಸಿಐಎ ಮತ್ತು ವಾಯುಪಡೆ ಜಂಟಿಯಾಗಿ ನಡೆಸಿದವು. ಸಿಐಎ ಪರವಾಗಿ ರಿಚರ್ಡ್ ಬಿಸೆಲ್ ಮತ್ತು ವಾಯುಪಡೆಯ ಪರವಾಗಿ ಶ್ರೀವರ್ ಅವರ ಉಪಮುಖ್ಯಸ್ಥ ಆಸ್ಮಂಡ್ ರಿಟ್ಲಂಡ್ ಹೊಣೆ ಹೊತ್ತರು. ಉಪಗ್ರಹದ ಕ್ಯಾಮೆರಾದಲ್ಲಿ ಬಳಸಿದ ಫಿಲ್ಮನ್ನು ಸಣ್ಣ ಕ್ಯಾಪ್ಸೂಲಿನಲ್ಲಿಟ್ಟು ಭೂಮಿಗೆ ಇಳಿಸುವುದು, ಪ್ಯಾರಾಚೂಟಿನಿಂದ ಇಳಿಯುತ್ತಿರುವ ಕ್ಯಾಪ್ಸೂಲನ್ನು ಪೆಸಿಫಿಕ್ ಸಾಗರದ ಮೇಲೆ ವಿಮಾನವು ಕೊಕ್ಕೆ ಹಾಕಿ ಹಿಡಿಯುವುದು ಈ ಯೋಜನೆಯ ಕ್ರಮವಾಗಿತ್ತು. ನಿಜವಾದ ಉದ್ದೇಶ ಹೊರಬೀಳದಂತೆ ಇದನ್ನು ಡಿಸ್ಕವರರ್ ಎಂಬ ವೈಜ್ಞಾನಿಕ ಕಾರ್ಯಕ್ರಮವೆಂದು ಪ್ರಕಟಿಸಲಾಯಿತು.

ಮೊದಲ ಡಿಸ್ಕವರರ್ 1959ರ ಫೆಬ್ರುವರಿ 28ರಂದು ಹಾರಿತು. ಅದು ಕಕ್ಷೆ ಸೇರಿತೇ ಎಂಬುದು ಖಚಿತವಾಗಲಿಲ್ಲ. ಏಪ್ರಿಲ್‌ನಲ್ಲಿ ಹಾರಿದ ಎರಡನೆಯದು ಕಕ್ಷೆ ಸೇರಿತಾದರೂ, ಕ್ಯಾಪ್ಸೂಲ್ ಬಿಡುಗಡೆಯ ಸಮಯ ತಪ್ಪಿದ್ದರಿಂದ ಅದು ಹವಾಯಿ ಸಮೀಪದ ಬದಲು ಉತ್ತರ ಧ್ರುವದ ಬಳಿಯ ಸ್ಪಿಟ್ಸ್‌ಬರ್ಗನ್ ದ್ವೀಪದ ಕಡೆಗೆ ಇಳಿದು ಕಣ್ಮರೆಯಾಯಿತು. ಅನಂತರದ ಹಾರಾಟಗಳಲ್ಲಿ ಕೆಲವೊಮ್ಮೆ ರಾಕೆಟ್, ಕೆಲವೊಮ್ಮೆ ಕ್ಯಾಮೆರಾ, ಕೆಲವೊಮ್ಮೆ ಕ್ಯಾಪ್ಸೂಲ್ ಕೈಕೊಟ್ಟವು. ಹೀಗೆ ಮೊದಲ 12 ಪ್ರಯತ್ನಗಳು ವಿಫಲವಾದವು. ಪ್ರತಿ ವೈಫಲ್ಯದ ದೂರಮಾಪನ ದಾಖಲೆಗಳನ್ನು ಪರಿಶೀಲಿಸಿ ದೋಷವನ್ನು ತಿದ್ದಿ ಮತ್ತೆ ಹಾರಿಸುವ ಕೆಲಸ ಮಾತ್ರ ನಿಲ್ಲಲಿಲ್ಲ.

1960ರ ಮೇ 1ರಂದು ಯು-2 ಬೇಹುಗಾರಿಕಾ ವಿಮಾನವನ್ನು ಸೋವಿಯತ್ ಪಡೆಗಳು ಹೊಡೆದುರುಳಿಸಿದವು. ಸೋವಿಯತ್ ನೆಲದ ಮೇಲೆ ಅಂಥ ಹಾರಾಟಗಳು ಅಲ್ಲಿಗೆ ನಿಂತವು. ಆಗಸ್ಟ್ 11ರಂದು ಡಿಸ್ಕವರರ್ 13ರ ಕ್ಯಾಪ್ಸೂಲನ್ನು ಸಾಗರದಿಂದ ಎತ್ತಲಾಯಿತು. ಕಕ್ಷೆಯಿಂದ ಮರಳಿ ಪಡೆದ ಮೊದಲ ಮಾನವನಿರ್ಮಿತ ವಸ್ತು ಅದು. ಅದರಲ್ಲಿ ಫಿಲ್ಮ್ ಇರಲಿಲ್ಲ, ಅಮೆರಿಕದ ಧ್ವಜವಿತ್ತು. ಆಗಸ್ಟ್ 19ರಂದು ಡಿಸ್ಕವರರ್ 14ರ ಕ್ಯಾಪ್ಸೂಲನ್ನು ಸಿ-119 ವಿಮಾನ ಆಕಾಶದಲ್ಲೇ ಹಿಡಿಯಿತು. ಆ ಒಂದು ಹಾರಾಟದ ಛಾಯಾಚಿತ್ರಗಳು, ಯು-2 ವಿಮಾನಗಳು ನಾಲ್ಕು ವರ್ಷಗಳಲ್ಲಿ ಚಿತ್ರಿಸಿದ್ದಕ್ಕಿಂತ ಹೆಚ್ಚಿನ ಸೋವಿಯತ್ ಭೂಪ್ರದೇಶವನ್ನು ಒಳಗೊಂಡಿದ್ದವು.

ಸೋವಿಯತ್ ಒಕ್ಕೂಟದ ಬಳಿ ಖಂಡಾಂತರ ಕ್ಷಿಪಣಿಗಳು ದೊಡ್ಡ ಸಂಖ್ಯೆಯಲ್ಲಿವೆ ಎಂಬ ಆತಂಕ ಆ ಕಾಲದ ಅಮೆರಿಕದ ರಾಜಕೀಯದಲ್ಲಿ ಪ್ರಬಲವಾಗಿತ್ತು. ಉಪಗ್ರಹ ಚಿತ್ರಗಳನ್ನು ಆಧರಿಸಿದ 1961ರ ಸೆಪ್ಟೆಂಬರ್‌ನ ಗುಪ್ತಚರ ಅಂದಾಜು, ಅಂಥ ಕ್ಷಿಪಣಿಗಳ ಉಡಾವಣಾ ಕಟ್ಟೆಗಳು 10ರಿಂದ 25 ಮಾತ್ರ ಇವೆ ಎಂದು ತಿಳಿಸಿತು. ಕೊರೋನಾ ಯೋಜನೆ 1972ರವರೆಗೆ ನಡೆಯಿತು. ಅದರ ಚಿತ್ರಗಳನ್ನು ಗೋಪ್ಯತೆಯಿಂದ ಮುಕ್ತಗೊಳಿಸುವ ನಿರ್ಧಾರ 1995ರಲ್ಲಿ ಆಯಿತು. ಅಲ್ಲಿಯವರೆಗೆ ಇದರಲ್ಲಿ ದುಡಿದವರು ತಮ್ಮ ಕೆಲಸದ ಬಗ್ಗೆ ಬಹಿರಂಗವಾಗಿ ಮಾತನಾಡುವಂತಿರಲಿಲ್ಲ.

ಉಪಗ್ರಹ ನಿಯಂತ್ರಣ ಘಟಕಗಳ ಉಗಮ

ಕೆಳ ಕಕ್ಷೆಯಲ್ಲಿರುವ ಉಪಗ್ರಹವು ಒಂದು ಭೂಕೇಂದ್ರದ ಮೇಲೆ ಹಾದುಹೋಗುವಾಗ ಕೆಲವೇ ನಿಮಿಷ ಸಂಪರ್ಕಕ್ಕೆ ಸಿಗುತ್ತದೆ. ಅಷ್ಟರಲ್ಲಿ ಅದರ ಸ್ಥಾನವನ್ನು ಅಳೆಯಬೇಕು, ಅದರ ಸ್ಥಿತಿಯನ್ನು ತಿಳಿಸುವ ಸಂಕೇತಗಳನ್ನು ಪಡೆಯಬೇಕು, ಮುಂದಿನ ಸುತ್ತಿಗೆ ಬೇಕಾದ ಆದೇಶಗಳನ್ನು ಕಳುಹಿಸಬೇಕು. ಆದೇಶದ ಸಮಯ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಡಿಸ್ಕವರರ್ 2 ತೋರಿಸಿಕೊಟ್ಟಿತ್ತು. ಆದ್ದರಿಂದ ಭೂಮಿಯ ಬೇರೆ ಬೇರೆ ಕಡೆ ಕೇಂದ್ರಗಳೂ ಅವುಗಳನ್ನೆಲ್ಲ ಒಂದೆಡೆಯಿಂದ ನಡೆಸುವ ಘಟಕವೂ ಬೇಕಾದವು.

ಈ ಕೆಲಸಕ್ಕಾಗಿ 1959ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ವಾಯುಪಡೆಯ 6594ನೇ ಟೆಸ್ಟ್ ವಿಂಗ್ ಆರಂಭವಾಯಿತು. ಅದು ಮರುವರ್ಷ ಸಮೀಪದ ಸನ್ನಿವೇಲ್‌ಗೆ ಸ್ಥಳಾಂತರಗೊಂಡಿತು. ಅಲಾಸ್ಕ, ಹವಾಯಿ, ಕ್ಯಾಲಿಫೋರ್ನಿಯಾ, ನ್ಯೂ ಹ್ಯಾಂಪ್‌ಶೈರ್ ಮೊದಲಾದೆಡೆಗಳ ಭೂಕೇಂದ್ರಗಳು ಅದರ ಜಾಲಕ್ಕೆ ಸೇರಿದವು. ಕ್ಯಾಪ್ಸೂಲುಗಳನ್ನು ಹಿಡಿಯುವ ವಿಮಾನಗಳು ಹವಾಯಿಯಿಂದ ಹಾರುತ್ತಿದ್ದವು. ಆರಂಭದಲ್ಲಿ ಕಂಪನಿಗಳ ಎಂಜಿನಿಯರುಗಳ ನೆರವಿನಿಂದ ನಡೆಯುತ್ತಿದ್ದ ಕೆಲಸವನ್ನು ಸೈನಿಕರು ಕ್ರಮೇಣ ಕಲಿತು, ಅದು ಸೇನೆಯ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು. ಸನ್ನಿವೇಲ್‌ನಲ್ಲಿ ಮುಂದೆ ಕಟ್ಟಿದ ಕಿಟಕಿಗಳಿಲ್ಲದ ತಿಳಿನೀಲಿ ಕಟ್ಟಡವನ್ನು ಜನ ನೀಲಿ ಘನ ಎಂದು ಕರೆದರು. 1986ರಲ್ಲಿ ಆ ನೆಲೆಗೆ, ಚಾಲೆಂಜರ್ ದುರಂತದಲ್ಲಿ ಮಡಿದ ಗಗನಯಾತ್ರಿ ಎಲಿಸನ್ ಒನಿಜುಕ ಅವರ ಹೆಸರನ್ನು ಇಡಲಾಯಿತು.

ಉನ್ನತ ಹುದ್ದೆಗಳು ಮತ್ತು ನಿವೃತ್ತಿ

1959ರಲ್ಲಿ ಶ್ರೀವರ್ ವಾಯುಪಡೆಯ ಸಂಶೋಧನೆ ಮತ್ತು ಅಭಿವೃದ್ಧಿ ಕಮಾಂಡಿನ ಮುಖ್ಯಸ್ಥರಾದರು. 1961ರಲ್ಲಿ ಅದು ಪುನರ್ರಚನೆಗೊಂಡು ಏರ್ ಫೋರ್ಸ್ ಸಿಸ್ಟಮ್ಸ್ ಕಮಾಂಡ್ ಆಯಿತು. ಅದೇ ವರ್ಷ ಅವರಿಗೆ ನಾಲ್ಕು ನಕ್ಷತ್ರಗಳ ಪೂರ್ಣ ಜನರಲ್ ಪದವಿ ದೊರೆಯಿತು.

ಆದರೆ ಬೇಹುಗಾರಿಕಾ ಉಪಗ್ರಹಗಳ ಮೇಲಿನ ಅಧಿಕಾರ ಇದೇ ಹೊತ್ತಿಗೆ ಅವರ ಕೈಯಿಂದ ಜಾರುತ್ತಿತ್ತು. 1960ರಲ್ಲಿ ಸ್ಯಾಮೊಸ್ ಉಪಗ್ರಹ ಯೋಜನೆಯನ್ನು ವಾಯುಪಡೆಯ ಸಾಮಾನ್ಯ ಅಧಿಕಾರ ಶ್ರೇಣಿಯಿಂದ ಹೊರತೆಗೆಯಲಾಯಿತು. 1961ರಲ್ಲಿ ರಾಷ್ಟ್ರೀಯ ವಿಚಕ್ಷಣಾ ಕಚೇರಿ ಎಂಬ ಗುಪ್ತ ಸಂಸ್ಥೆ ಸ್ಥಾಪನೆಯಾಗಿ ಇಂಥ ಎಲ್ಲ ಯೋಜನೆಗಳೂ ಅದರ ಅಧೀನಕ್ಕೆ ಹೋದವು. ಬಾಹ್ಯಾಕಾಶದಲ್ಲಿ ಮಾನವಸಹಿತ ಸೇನಾ ನೌಕೆಗಳಿರಬೇಕು ಎಂಬ ಶ್ರೀವರ್ ಅವರ ನಿಲುವಿಗೆ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ ಅವರಿಂದ ಬೆಂಬಲ ಸಿಗಲಿಲ್ಲ. ಡೈನಾ-ಸೋರ್ ಬಾಹ್ಯಾಕಾಶ ವಿಮಾನದ ಯೋಜನೆ 1963ರಲ್ಲಿ ರದ್ದಾಯಿತು. ಶ್ರೀವರ್ ನಿರ್ದೇಶಕರಾಗಿದ್ದ ಮಾನವಸಹಿತ ಕಕ್ಷಾ ಪ್ರಯೋಗಾಲಯದ ಯೋಜನೆಯೂ ಅವರ ನಿವೃತ್ತಿಯ ನಂತರ 1969ರಲ್ಲಿ ರದ್ದುಗೊಂಡಿತು. ಅವರು 1966ರ ಆಗಸ್ಟ್ 31ರಂದು ನಿವೃತ್ತರಾದರು.

ನಿವೃತ್ತಿಯ ಬಳಿಕ ಸಲಹಾ ಸಂಸ್ಥೆಯೊಂದನ್ನು ನಡೆಸಿದರು. ಕ್ಷಿಪಣಿ ರಕ್ಷಣೆಗೆ ಸಂಬಂಧಿಸಿದ ಸರ್ಕಾರಿ ಸಮಿತಿಗಳಲ್ಲಿಯೂ ಸೇವೆ ಸಲ್ಲಿಸಿದರು. ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡ ಬಳಿಕ 1997ರಲ್ಲಿ ಗಾಯಕಿ ಜೋನಿ ಜೇಮ್ಸ್ ಅವರನ್ನು ವಿವಾಹವಾದರು. 2005ರ ಜೂನ್ 20ರಂದು ವಾಷಿಂಗ್ಟನ್ ನಗರದಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಆರ್ನಾಲ್ಡ್ ಅವರ ಸಮಾಧಿಯ ಸಮೀಪ ಅವರನ್ನು ಸಮಾಧಿ ಮಾಡಲಾಯಿತು.

ಶ್ರೀವರ್ ಸೇನಾನೆಲೆ

ಸನ್ನಿವೇಲ್ ನೆಲೆಯು ಭೂಕಂಪದ ಅಪಾಯವಿರುವ ಪ್ರದೇಶದಲ್ಲಿತ್ತು. ಒಂದೇ ಕೇಂದ್ರವನ್ನು ನೆಚ್ಚುವುದು ಸುರಕ್ಷಿತವಲ್ಲವೆಂದು 1980ರ ದಶಕದಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಸಮೀಪ ಫಾಲ್ಕನ್ ಎಂಬ ಹೊಸ ನೆಲೆಯನ್ನು ಕಟ್ಟಲಾಯಿತು. 1985ರಲ್ಲಿ ಇಲ್ಲಿ ಆರಂಭವಾದ ಎರಡನೇ ಉಪಗ್ರಹ ನಿಯಂತ್ರಣ ಸ್ಕ್ವಾಡ್ರನ್ 1992ರಲ್ಲಿ ಎರಡನೇ ಬಾಹ್ಯಾಕಾಶ ಕಾರ್ಯಾಚರಣಾ ಸ್ಕ್ವಾಡ್ರನ್ ಎಂದು ಹೆಸರು ಬದಲಿಸಿಕೊಂಡಿತು. ಜಿಪಿಎಸ್ ಉಪಗ್ರಹಗಳ ನಿಯಂತ್ರಣ ಇದರ ಹೊಣೆ. ಹವಾಯಿ, ಅಸೆನ್ಷನ್, ಡಿಯಾಗೊ ಗಾರ್ಸಿಯಾ, ಕ್ವಾಜಲೀನ್ ಮೊದಲಾದ ದ್ವೀಪಗಳ ಕೇಂದ್ರಗಳು ಉಪಗ್ರಹಗಳ ಸಂಕೇತಗಳನ್ನು ಆಲಿಸುತ್ತವೆ. ಆ ಮಾಹಿತಿಯಿಂದ ಪ್ರತಿ ಉಪಗ್ರಹದ ಕಕ್ಷೆಯನ್ನೂ ಅದರ ಪರಮಾಣು ಗಡಿಯಾರದ ವ್ಯತ್ಯಾಸವನ್ನೂ ಲೆಕ್ಕಹಾಕಿ, ತಿದ್ದುಪಡಿಗಳನ್ನು ಮತ್ತೆ ಉಪಗ್ರಹಕ್ಕೆ ಕಳುಹಿಸಲಾಗುತ್ತದೆ. ಮೊಬೈಲ್ ಫೋನಿನಲ್ಲಿ ದಾರಿ ಹುಡುಕುವವರು ಈ ಕೆಲಸವನ್ನು ಅರಿಯದೆಯೇ ಅವಲಂಬಿಸಿರುತ್ತಾರೆ. 2016ರ ಜನವರಿಯಲ್ಲಿ ಹಳೆಯ ಉಪಗ್ರಹವೊಂದನ್ನು ಸೇವೆಯಿಂದ ತೆಗೆಯುವಾಗ ಕೆಲವು ಉಪಗ್ರಹಗಳಿಗೆ ಸುಮಾರು 13 ಮೈಕ್ರೊಸೆಕೆಂಡಿನಷ್ಟು ತಪ್ಪಾದ ಕಾಲಮಾಹಿತಿ ಹೋಯಿತು. ಅಷ್ಟರಿಂದಲೇ ಹಲವು ದೇಶಗಳ ಸಂಪರ್ಕ ಜಾಲಗಳಲ್ಲಿ ತೊಂದರೆ ಕಾಣಿಸಿಕೊಂಡಿತು.

ಜಿಪಿಎಸ್ ಶ್ರೀವರ್ ಅವರ ಆವಿಷ್ಕಾರವಲ್ಲ. 1973ರಲ್ಲಿ ಅದನ್ನು ಆರಂಭಿಸಿದ ಕಚೇರಿಯು ಅವರು ಇಂಗಲ್‌ವುಡ್‌ನಲ್ಲಿ ಕಟ್ಟಿದ ವಿಭಾಗದ ಉತ್ತರಾಧಿಕಾರಿ ಸಂಸ್ಥೆಗೆ ಸೇರಿತ್ತು. 1998ರ ಜೂನ್‌ನಲ್ಲಿ ಫಾಲ್ಕನ್ ನೆಲೆಗೆ ಶ್ರೀವರ್ ಅವರ ಹೆಸರನ್ನು, ಅವರು ಬದುಕಿರುವಾಗಲೇ, ಇಡಲಾಯಿತು. ವಾಯುಪಡೆಯ ನೆಲೆಗಳ ವಿಷಯದಲ್ಲಿ ಇದು ಅಪರೂಪದ ಗೌರವ. 2019ರಲ್ಲಿ ಅಮೆರಿಕದ ಬಾಹ್ಯಾಕಾಶ ಪಡೆ ಪ್ರತ್ಯೇಕ ಸೇನಾ ವಿಭಾಗವಾಗಿ ಸ್ಥಾಪನೆಯಾಯಿತು. 2021ರಲ್ಲಿ ನೆಲೆಯ ಹೆಸರು ಶ್ರೀವರ್ ಬಾಹ್ಯಾಕಾಶ ಪಡೆ ನೆಲೆ ಎಂದಾಯಿತು. 1957ರಲ್ಲಿ ಅವರ ಭಾಷಣಗಳಿಗೆ ನಿಷಿದ್ಧವಾಗಿದ್ದ ಪದ ಹೀಗೆ ಅವರ ಹೆಸರಿನ ಜೊತೆಗೇ ಸೇರಿಕೊಂಡಿತು.

ಮೌಲ್ಯಮಾಪನ

ಶ್ರೀವರ್ ಅವರ ಕಾರ್ಯವಿಧಾನ ವೇಗವನ್ನು ತಂದುಕೊಟ್ಟಿತು, ಖರ್ಚನ್ನೂ ಹೆಚ್ಚಿಸಿತು. ವಿನ್ಯಾಸ ಪೂರ್ಣಗೊಳ್ಳುವ ಮೊದಲೇ ನೆಲೆಗಳನ್ನು ಕಟ್ಟಿದ್ದರಿಂದ ಅವುಗಳನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು. ಅಪಾರ ವೆಚ್ಚದಲ್ಲಿ ನಿಲ್ಲಿಸಿದ ಅಟ್ಲಾಸ್ ಮತ್ತು ಟೈಟನ್-1 ಕ್ಷಿಪಣಿಗಳು 1965ರ ಹೊತ್ತಿಗೇ ಸೇನಾ ಸೇವೆಯಿಂದ ಹೊರಬಿದ್ದವು. ಇವರ ಕ್ಷಿಪಣಿಗಳು ಪರಮಾಣು ಶಸ್ತ್ರಸ್ಪರ್ಧೆಯನ್ನು ಹೆಚ್ಚಿಸಿದವು ಎಂಬ ಟೀಕೆಯೂ, ಎರಡೂ ಕಡೆಯವರಿಗೆ ಯುದ್ಧದ ಪರಿಣಾಮವನ್ನು ಮನವರಿಕೆ ಮಾಡಿಸಿ ಯುದ್ಧವನ್ನು ತಡೆದವು ಎಂಬ ವಾದವೂ ಇವೆ. ನೀಲ್ ಶೀಹನ್ ಅವರು 2009ರಲ್ಲಿ ಪ್ರಕಟಿಸಿದ ಶ್ರೀವರ್ ಅವರ ಜೀವನಚರಿತ್ರೆ ಎರಡನೆಯ ನಿಲುವನ್ನು ಪ್ರತಿಪಾದಿಸುತ್ತದೆ.

ಯುದ್ಧಕ್ಕೆಂದು ರೂಪಿಸಿದ ಅದೇ ರಾಕೆಟ್‌ಗಳು ಬೇರೆ ಕೆಲಸಗಳಿಗೂ ಒದಗಿದವು. 1962ರಲ್ಲಿ ಜಾನ್ ಗ್ಲೆನ್ ಅವರನ್ನು ಕಕ್ಷೆಗೆ ಒಯ್ದದ್ದು ಅಟ್ಲಾಸ್. ಜೆಮಿನಿ ನೌಕೆಗಳನ್ನು ಹಾರಿಸಿದ್ದು ಟೈಟನ್-2. ಡೆಲ್ಟಾ ರಾಕೆಟ್‌ಗಳು ಥಾರ್ ಕ್ಷಿಪಣಿಯಿಂದ ಬೆಳೆದವು. ಕ್ಷಿಪಣಿಗಳಿಗೆ ಹೋಲಿಸಿದರೆ ಉಪಗ್ರಹ ನಿಯಂತ್ರಣದ ಘಟಕಗಳು ಕಡಿಮೆ ಪರಿಚಿತ. ಎದುರಾಳಿಯ ಬಳಿ ಏನಿದೆ ಎಂಬುದನ್ನು ಊಹೆಯ ಬದಲು ನೋಡಿ ತಿಳಿಯಲು ಇಂಥ ಘಟಕಗಳು ಕಕ್ಷೆಯಲ್ಲಿ ನಡೆಸುತ್ತಿದ್ದ ಉಪಗ್ರಹಗಳು ನೆರವಾದವು. 1972ರ ಶಸ್ತ್ರಾಸ್ತ್ರ ಮಿತಿ ಒಪ್ಪಂದಗಳ ಪಾಲನೆಯನ್ನು ಪರಿಶೀಲಿಸಲು ಸಾಧ್ಯವಾದದ್ದೂ ಮುಖ್ಯವಾಗಿ ಉಪಗ್ರಹ ವೀಕ್ಷಣೆಯಿಂದ.